ಬ್ರೇಕ್ ಲೈಟಿನ ಎರಡು ಬಲ್ಬು

“ಬೆಳಬೆಳಗ್ಗೆ ಹಾಲಿನ ಕ್ಯಾನ್ ಕಟ್ಕಂಡು ಹೋಗೋರು ಕುಡ್ದಿದ್ರು ಅಂತೀರಾ ಅಯ್ನೋರೆ? ನಿಮ್ ನಾಲಿಗೆಗೆ ಹುಳ ಬೀಳ.”

“ನಾನು ಹೇಳ್ಲಿಲ್ಲಮ್ಮ. ಜನ ಅಂತಾರೆ ಅಂದೆ.”

“ಜನದ ಬಾಯಿಗೆ ಆ ಮಾತು ಹಾಕ್ದೋರು ಯಾರು?”

ಹಳೇಬೀಡು ಠಾಣೆ, ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ. ದೂರು ಕೊಡಲು ಬಂದವರು ಹಗರೆ ರಸ್ತೆಯ ಹಳ್ಳಿಯೊಂದರ ರುಕ್ಮಿಣಮ್ಮ. ಎದುರಿಗಿದ್ದವರು ಅದೇ ಊರಿನ ಅರ್ಚಕ ವಿಜಯಸಾರಥಿ. ಹಿಂದಿನ ದಿನ ಬೆಳಿಗ್ಗೆ 7.20ಕ್ಕೆ ಅವರ ಹಳೇ ಕಾರಿನ ಹಿಂಬದಿಗೆ ರುಕ್ಮಿಣಮ್ಮನ ಗಂಡ ಜವರಯ್ಯನ ಮೊಪೆಡ್ ಗುದ್ದಿತ್ತು. ಅರ್ಚಕರೇ ಅವನನ್ನು ಹಾಸನದ ಆಸ್ಪತ್ರೆಗೆ ಸೇರಿಸಿದ್ದರು. ರಾತ್ರಿ ತೀರಿಕೊಂಡ. ಹಿಂದಿನಿಂದ ಗುದ್ದಿದವನದೇ ತಪ್ಪು, ಕುಡಿದಿದ್ದ ಎಂದು ಊರು ತೀರ್ಪು ಕೊಟ್ಟಾಗಿತ್ತು. ಗಂಡನ ಹೆಸರಿಗೆ ಅಂಟಿದ ಆ ಮಾತು ಹೋಗಬೇಕು. ರುಕ್ಮಿಣಮ್ಮನಿಗೆ ಬೇಕಿದ್ದುದು ಅಷ್ಟೇ.

ಪಿಎಸ್‌ಐ ಮಧುಶ್ರೀ ಎಫ್‌ಐಆರ್ ದಾಖಲಿಸಿ, 10.30ಕ್ಕೆ ಪಂಚನಾಮೆಗೆಂದು ಅರ್ಚಕರ ಮನೆಗೆ ಹೋದರು. ಅಂಗಳದಲ್ಲಿದ್ದ ಕಾರಿನ ಬಂಪರಿನ ಎಡ ಮೂಲೆ ಒಳಕ್ಕೆ ಹೋಗಿತ್ತು. ದೀಪಗಳಿಗೆ ಏನೂ ಆಗಿರಲಿಲ್ಲ. ಕಾರಿನಲ್ಲಿ ಯಾರೂ ಇಲ್ಲದಿದ್ದರೂ ಎರಡೂ ಬ್ರೇಕ್ ಲೈಟು ಉರಿಯುತ್ತಿದ್ದವು.

ಒಂದು ತಿಂಗಳಿಂದ ಹಗಲೂ ರಾತ್ರಿ ಹೀಗೇ ಉರಿಯುತ್ತಿದೆ, ಇಷ್ಟು ಕೆಂಪು ಕಾಣದವನು ಎಚ್ಚರದಲ್ಲಿದ್ದನೇ ಎಂದರು ಅರ್ಚಕರು. ಪಂಚರು ಹೌದೆಂದು ತಲೆಯಾಡಿಸಿದರು.

ಜೀಪಿನ ಚಾಲಕ, ಕಾನ್‌ಸ್ಟೇಬಲ್ ಕೃಷ್ಣಪ್ಪ, ಬ್ರೇಕ್ ಪೆಡಲಿನ ಹತ್ತಿರ ತಲೆ ತೂರಿಸಿದ. ಪೆಡಲಿಗೂ ಸ್ವಿಚ್ಚಿಗೂ ನಡುವೆ ಇರಬೇಕಾದ, ಅಂಗಿ ಗುಂಡಿಯಷ್ಟು ಪ್ಲಾಸ್ಟಿಕ್ ತುಂಡು ಪುಡಿಯಾಗಿತ್ತು. ಅದಿಲ್ಲದಿದ್ದರೆ ಕಾಲು ತೆಗೆದರೂ ಲೈಟು ಆರುವುದಿಲ್ಲ. ಅಷ್ಟರಮಟ್ಟಿಗೆ ಅರ್ಚಕರ ಮಾತು ನಿಜ. ಕೃಷ್ಣಪ್ಪ ಚಾವಿ ತಿರುಗಿಸಿದ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

“ಮೇಡಂ, ರಾತ್ರಿಯೆಲ್ಲ ಇದು ಉರಿದಿದ್ರೆ ಬ್ಯಾಟ್ರಿ ಹೆಣ ಆಗಿರಬೇಕಿತ್ತು.”

ಮಧುಶ್ರೀ ಅರ್ಚಕರ ಕಡೆ ತಿರುಗಿದರು. “ರಾತ್ರಿ ಬ್ಯಾಟರಿ ವೈರ್ ಬಿಚ್ತೀರಾ?”

“ಇಲ್ಲ, ಅದೆಲ್ಲ ನನಗೆ ಬರೋಲ್ಲ.”

“ಹಾಗಾದ್ರೆ ಬಲ್ಬ್ ತೆಗೀತೀರಿ. ಇವತ್ತು ಯಾವಾಗ ಹಾಕಿದ್ರಿ?”

ಅರ್ಚಕರು ತುಳಸಿಕಟ್ಟೆಯ ಮೇಲೆ ಕೂತರು. “ಆರು ಗಂಟೆಗೆ. ಅವನು ಹೋದ ಅಂತ ತಿಳಿದ ಮೇಲೆ.”

ಎರಡು ಊರಿನ ಪೂಜೆ ಅವರದು. ಅರಸೀಕೆರೆಯ ಮೆಕ್ಯಾನಿಕ್ ಎರಡು ದಿನ ಕಾರು ಬಿಡಿ ಎಂದಿದ್ದ. ಬಿಟ್ಟರೆ ಎರಡನೇ ಊರಿನ ದೇವರಿಗೆ ನೀರಿಲ್ಲ. ಲೈಟು ಆರದೆ ದಿನಾ ಬ್ಯಾಟರಿ ಸಾಯುತ್ತಿತ್ತು. ಡೇರಿಗೆ ಹೊರಟ ಜವರಯ್ಯ ದಿನಾ ಮೊಪೆಡ್ ನಿಲ್ಲಿಸಿ ಕಾರು ತಳ್ಳುತ್ತಿದ್ದ.

“ಅವನ ಕೈಲಿ ದಿನಾ ತಳ್ಳಿಸೋಕೆ ನಾಚಿಕೆ ಆಯ್ತು ಮೇಡಂ. ಮೊದಲು ರಾತ್ರಿ ಮಾತ್ರ ಬಲ್ಬ್ ತೆಗೀತಿದ್ದೆ. ಆಮೇಲೆ ಹಾಕೋದನ್ನೇ ಬಿಟ್ಟೆ. ನಿನ್ನೆ ನಾಯಿ ಅಡ್ಡ ಬಂತು, ಬ್ರೇಕ್ ಒತ್ತಿದೆ. ಹಿಂದೆ ಅವನಿದ್ದ.”

ಕುಡಿದಿದ್ದ ಎಂಬ ಮಾತು ಹಬ್ಬಿಸಿದವರೂ ತಾವೇ ಎಂದು ಬರೆಸಿ ಸಹಿ ಹಾಕಿದರು. 1.15ಕ್ಕೆ ಬಂಧನ. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ತಿರುಚಿದ್ದು.

ಠಾಣೆಯಲ್ಲಿ ಮಧುಶ್ರೀ ಹೇಳಿಕೆಯನ್ನು ರುಕ್ಮಿಣಮ್ಮನಿಗೆ ಪೂರ್ತಿ ಓದಿ ಹೇಳಿದರು. ಆಕೆ ಎದ್ದು ಅರ್ಚಕರ ಮುಂದೆ ನಿಂತರು.

“ತಳ್ಳಕೆ ನಮ್ಮೆಜಮಾನ್ರು ಯಾವತ್ತಾದ್ರೂ ಬ್ಯಾಸರ ಮಾಡ್ಕಂಡಿದ್ರಾ ಅಯ್ನೋರೆ?”

ರುಕ್ಮಿಣಮ್ಮ ಸೆರಗು ಹೊದ್ದು ಹೊರಟರು. ಎಫ್‌ಐಆರ್ ಪ್ರತಿ ತಗೊಂಡು ಹೋಗಮ್ಮ ಎಂದು ಕೃಷ್ಣಪ್ಪ ಗೇಟಿನ ತನಕ ಕೂಗಿದ. ಆಕೆ ತಿರುಗಿ ನೋಡಲಿಲ್ಲ. ಆ ಪ್ರತಿ ಈಗಲೂ ಠಾಣೆಯ ಕಡತದಲ್ಲೇ ಇದೆ.