ದವಾಖಾನೆಯ ಖಾಲಿ ಬಾಟಲಿ

ಒಂದೂರಿನಲ್ಲಿ ಒಂದು ಬಾಟಲಿ ಇತ್ತು. ಅದು ದವಾ ತರಲು ಖಾಲಿ ಹೋಗಿ, ಖಾಲಿಯೇ ತಿರುಗಿ ಬಂತು. ಆಯಿ ಸಾಯಬಮ್ಮ ಈ ಕತೆ ಹೇಳಿದ್ದರೆ ಹೀಗೇ ಶುರು ಮಾಡುತ್ತಿದ್ದಳು. ಆದರೆ ಅವತ್ತು ಶಹಾಪುರದ ದವಾಖಾನೆಯ ಕಟ್ಟೆಯ ಮೇಲೆ ಆಯಿ ಕತೆ ಹೇಳುವ ಹದದಲ್ಲಿರಲಿಲ್ಲ.

“ಬಾಟಲಿ ಎತ್ತು, ನೋಡೂಣು,” ಎಂದಳು.

ಹತ್ತು ವರ್ಷದ ಮೊಮ್ಮಗಳು ಮಲಕಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಒಳಗೆ ಒಂದು ಹನಿಯೂ ಇರಲಿಲ್ಲ. ಆಗ ದವಾಖಾನೆಗೆ ಹೋಗುವವರೆಲ್ಲ ಮನೆಯಿಂದಲೇ ಬಾಟಲಿ ಒಯ್ಯಬೇಕಿತ್ತು. ಮಲಕಮ್ಮ ಬೆಳಿಗ್ಗೆ ಅದನ್ನು ಬೂದಿ ಹಾಕಿ ಮೂರು ಸಲ ತೊಳೆದಿದ್ದಳು. ಕಂಪೌಂಡರ್ ಖಂಡಪ್ಪ ಬಾಟಲಿಗೆ ಕೆಂಪು ಮಿಕ್ಸ್ಚರ್ ತುಂಬಿ, ಕಚ್ಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ. ಒಂದು ಹೊತ್ತಿಗೆ ಒಂದು ಕಚ್ಚಿನಷ್ಟು ಕುಡಿಯಬೇಕು.

ಕಟ್ಟೆಯ ಮೇಲಿದ್ದ ಉಳಿದವರ ಬಾಟಲಿಗಳೆಲ್ಲ ಕೆಂಪಗಿದ್ದವು.

“ನಮ್ಮ ಪಾಲಿನ ದವಾ ಯಾರ ಬಾಟಲ್ಯಾಗ ಹೋಯ್ತು, ಖಂಡಪ್ಪ?”

“ನನ್ನ ಯಾಕ ಕೇಳ್ತಿ, ಸಾಯಬಮ್ಮ? ಡಾಕ್ಟರಮ್ಮ ಚೀಟಿ ಬರದಿಲ್ಲ.”

“ದವಾ ಕೊಡದ ದವಾಖಾನಿ ಇವತ್ತೇ ನೋಡ್ದೆ. ನಿಜಾಮನ ಕಾಲದಾಗ ಬಣ್ಣದ ನೀರಾದ್ರೂ ಕೊಡ್ತಿದ್ರು.”

ನಿಜಾಮರ ರಾಜ್ಯ ಹೋಗಿ ಎರಡು ವರ್ಷವಾಗಿತ್ತು. ಬೋರ್ಡಿನಲ್ಲಿ ಉರ್ದುವಿನ ಪಕ್ಕ ಬರೆದ ಕನ್ನಡ ಅಕ್ಷರಗಳು ಇನ್ನೂ ಹೊಳೆಯುತ್ತಿದ್ದವು. ಆಯಿಗೆ ಹೊಸದೆಲ್ಲದರ ಮೇಲೂ ಅನುಮಾನ. ಮಲಕಮ್ಮನೂ ಖಂಡಪ್ಪನ ಮೇಜಿನ ಕೆಳಗೊಮ್ಮೆ ಬಗ್ಗಿ ನೋಡಿದಳು. ಅಲ್ಲಿ ಅವನ ಚಪ್ಪಲಿ ಬಿಟ್ಟರೆ ಏನೂ ಇರಲಿಲ್ಲ.

ಜಗಳ ಕೇಳಿ ಡಾಕ್ಟರ್ ಅಖ್ತರಬೇಗಂ ಆಯಿಯನ್ನೂ ಮಲಕಮ್ಮನನ್ನೂ ಮತ್ತೆ ಒಳಗೆ ಕರೆದರು. ಹದಿನೇಳರ ಶೇಖಮ್ಮ, ಮಲಕಮ್ಮನ ಅಕ್ಕ, ಸೆರಗಿನಿಂದ ಗದ್ದ ಮುಚ್ಚಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಗದ್ದದ ಮೇಲೆ ನಾಲ್ಕಾರು ಕರಿ ಕೂದಲು ಬಂದಿದ್ದವು.

“ಸಾಯಬಮ್ಮ, ಇನ್ನೊಮ್ಮೆ ಹೇಳ್ತೀನಿ ಕೇಳ್ರಿ. ಹೆಣ್ಮಕ್ಕಳ ಹೊಟ್ಟ್ಯಾಗ ಎರಡು ತತ್ತಿ ಚೀಲ ಇರ್ತಾವ. ಈಕಿವು ಜರಾ ಆಲಸಿ. ಹಂಗಾಗಿ ತಿಂಗಳಾ ಮುಟ್ಟಾಗಂಗಿಲ್ಲ, ಮೊಡವಿ ಬರ್ತಾವ, ಈ ಕೂದಲ ಬರ್ತಾವ. ಇದು ಹಗುರ ಅದ. ಹಗುರ ಇದ್ದಾಗ ದವಾ ಬ್ಯಾಡ. ಬೆಲ್ಲ ಕಮ್ಮಿ ಮಾಡ್ಲಿ, ಹೊಲಕ್ಕ ನಡದು ಹೋಗ್ಲಿ. ಆರು ತಿಂಗಳ ನೋಡೂಣು.”

“ಸುಮ್ಮ ನೋಡಾದು ನನಗೂ ಬರ್ತದ, ಡಾಕ್ಟರಮ್ಮ,” ಎಂದಳು ಆಯಿ. “ಸುರಪುರ ಸಂತ್ಯಾಗ ಪುಡಿ ಕೊಡ್ತಾನಲ್ಲ, ಅವ ಹಂಗ ಖಾಲಿ ಕೈಲೆ ಕಳಸಂಗಿಲ್ಲ.”

ಶೇಖಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೇಸಿಗೆಯಲ್ಲಿ ಆ ಪುಡಿ ಕುಡಿದು ಅವಳು ಎರಡು ದಿನ ವಾಂತಿ ಮಾಡಿಕೊಂಡು ಮಲಗಿದ್ದಳು.

ಡಾಕ್ಟರಮ್ಮ ಆಯಿಯ ಮುಖ ನೋಡಿದರು, ಆಮೇಲೆ ಬಾಟಲಿ ನೋಡಿದರು. ಖಂಡಪ್ಪನನ್ನು ಕರೆದು ಖಾಲಿ ಬಾಟಲಿಗೇ ಆರು ಕಚ್ಚಿನ ಪಟ್ಟಿ ಅಂಟಿಸಲು ಹೇಳಿದರು.

“ಒಂದು ಕಚ್ಚು ಅಂದ್ರ ಒಂದು ಅಮಾಸಿ. ಆ ತಿಂಗಳ ಮುಟ್ಟಾದ್ರ ಇದರಾಗ ಒಂದು ತೊಗರಿ ಕಾಳು ಹಾಕ್ರಿ. ಆಗಲಿಲ್ಲಂದ್ರ ಒಂದು ಸಣ್ಣ ಕಲ್ಲು. ಒಂದರ ಬೆನ್ನಿಗೆ ಒಂದು ಮೂರು ಕಲ್ಲು ಬಿದ್ದವಂದ್ರ ಆರು ತಿಂಗಳ ಕಾಯಬ್ಯಾಡ್ರಿ, ಅವಾಗ ದವಾ ಬೇಕಾಗ್ತದ. ಬಾಟಲಿ ಯಾರ ಕೈಯಾಗ ಇರ್ತದ?”

ಮಲಕಮ್ಮ ಶಾಲೆಯಲ್ಲಿ ಎತ್ತುವ ಹಾಗೆ ಕೈ ಎತ್ತಿದಳು. “ನನ್ನ ಕೈಯಾಗ್ರಿ.”

“ಇದ್ದದ್ದು ಇದ್ದಂಗ ತಂದು ತೋರಸ್ತಿ?”

“ತೋರಸ್ತೀನ್ರಿ.”

ಅಪ್ಪ, ಅವ್ವ ಕುರಿ ಹೊಡೆದುಕೊಂಡು ಭೀಮಾ ಹೊಳೆಯ ಕಡೆಗೆ ಹೋಗಿದ್ದರು. ಮನೆಯಲ್ಲಿ ಮೂವರೇ. ಬಾಟಲಿ ಗೋಡೆಯ ಗೂಡಿನಲ್ಲಿ ಕೂತಿತು.

ಮೊದಲ ಅಮಾವಾಸ್ಯೆಗೆ ಕಾಳು ಬಿತ್ತು. ಎರಡನೆಯದಕ್ಕೆ ಕಲ್ಲು. ಮೂರನೆಯದಕ್ಕೂ ಕಲ್ಲು. ಆ ಭಾನುವಾರ ಆಯಿ ಸುರಪುರಕ್ಕೆ ಹೋಗಿ ಬಂದಳು. ಗೋಡೆಯ ಗೂಟಕ್ಕೆ ಒಂದು ಸಣ್ಣ ಗಂಟು ತೂಗುಬಿದ್ದಿತು. ಒಳಗಿನ ಪುಡಿಯ ವಾಸನೆ ಶೇಖಮ್ಮನಿಗೆ ಗೊತ್ತಾಯಿತು.

ನಾಲ್ಕನೆಯ ತಿಂಗಳು ಶೇಖಮ್ಮ ಕಂಬಳಿ ತೆಗೆದುಕೊಂಡು ಹೊರಗಿನ ಪಡಸಾಲೆಯಲ್ಲಿ ಕೂತಳು. ಆ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹಾಗೆ ಬೇರೆ ಕೂರುವ ಪದ್ಧತಿ. ಆಯಿ ಖುಷಿಯಿಂದ ದೂರದಿಂದಲೇ ರೊಟ್ಟಿ ನೀಡಿದಳು.

ಮಲಕಮ್ಮನಿಗೆ ಮಾತ್ರ ಏನೋ ಚುಚ್ಚುತ್ತಿತ್ತು. ಹೀಗೆ ಕೂತಾಗಲೆಲ್ಲ ಅಕ್ಕ ಹಿತ್ತಿಲಲ್ಲಿ ತೊಗರಿ ಕಟ್ಟಿಗೆಯ ರಾಶಿಯ ಹಿಂದೆ ಮುಟ್ಟಿನ ಬಟ್ಟೆ ಒಗೆದು ಒಣಗಿಸುತ್ತಿದ್ದಳು. ಈ ಸಲ ಮೂರು ದಿನವೂ ಮಲಕಮ್ಮ ಹೋಗಿ ನೋಡಿದಳು. ಅಲ್ಲಿ ಒಂದು ಓತಿಕ್ಯಾತ ಬಿಸಿಲು ಕಾಯಿಸುತ್ತಿತ್ತು, ಅಷ್ಟೇ.

ಅಮಾವಾಸ್ಯೆಯ ಸಂಜೆ ಶೇಖಮ್ಮ ಅವಳ ಅಂಗೈಯಲ್ಲಿ ಒಂದು ತೊಗರಿ ಕಾಳು ಇಟ್ಟಳು.

“ಹಾಕು, ಮಲಕಿ.”

“ಅಕ್ಕ, ಬಟ್ಟಿ ಎಲ್ಲಿ ಒಣಗಿಸ್ದಿ?”

“ನೀ ಏನು ಪೊಲೀಸೇನ? ಸುಮ್ಮ ಹಾಕು. ಆಯಿ ನೋಡಾಕತ್ತಾಳ.”

ಅಕ್ಕನ ಕಣ್ಣು ಬಾಟಲಿಯ ಮೇಲೆ ಇರಲಿಲ್ಲ. ಗೂಟದ ಮೇಲಿನ ಗಂಟಿನ ಮೇಲಿತ್ತು.

ಮಲಕಮ್ಮ ಕಾಳನ್ನು ಮುಷ್ಟಿಯಲ್ಲಿ ಹಿಡಿದಳು. ಹಾಕಿದರೆ ಡಾಕ್ಟರಮ್ಮನಿಗೆ ಸುಳ್ಳು ತೋರಿಸಿದ ಹಾಗೆ. ಹಾಕದಿದ್ದರೆ ಅಕ್ಕನಿಗೆ ಪುಡಿ. ಅವಳು ನೇರ ಒಲೆಯ ಮುಂದೆ ಕೂತಿದ್ದ ಆಯಿಯ ಹತ್ತಿರ ಹೋದಳು.

“ಆಯಿ, ಆ ಪುಡಿ ಅಕ್ಕಗ ಕುಡಸಂಗಿಲ್ಲ ಅಂತ ನನ್ನ ತಲಿ ಮುಟ್ಟಿ ಹೇಳು. ಆಮ್ಯಾಲ ಒಂದು ಹೇಳ್ತೀನಿ.”

“ಏನು ಮುಚ್ಚಿಟ್ಟೀರಿ ಇಬ್ಬರೂ?” ಆಯಿಯ ಕಣ್ಣು ಸಣ್ಣದಾಯಿತು.

“ಮೊದಲ ಮುಟ್ಟು.”

ಆಯಿ ಅವಳನ್ನು ನೋಡಿದಳು, ಶೇಖಮ್ಮನನ್ನು ನೋಡಿದಳು. ಹಿಟ್ಟಿನ ಕೈಯಲ್ಲೇ ಮಲಕಮ್ಮನ ತಲೆ ಮುಟ್ಟಿದಳು. ಮಲಕಮ್ಮ ಮುಷ್ಟಿ ಬಿಚ್ಚಿ ಕಾಳನ್ನು ಆಯಿಯ ಮುಂದೆ ಇಟ್ಟಳು.

“ಇದು ಕಾಳಲ್ಲ ಆಯಿ, ಕಲ್ಲು.”

ರೊಟ್ಟಿ ಹಂಚಿನ ಮೇಲೆ ಹೊತ್ತಿತು. ಯಾರೂ ತಿರುವಿ ಹಾಕಲಿಲ್ಲ.

“ಮೂರು ದಿನ ಸುಳ್ಳೇ ಕುಂತಿದ್ದೇನ, ಶೇಖಿ?”

“ಅದನ್ನ ಕುಡದಾಗ ಕರುಳೇ ಕಿತ್ತು ಬಂದಂಗ ಆಗಿತ್ತು ಆಯಿ. ಸತ್ತೇ ಹೋಗ್ತೀನಿ ಅಂದ್ಕೊಂಡಿದ್ದೆ.”

ಆಯಿ ಎದ್ದು ಗೂಟದ ಗಂಟು ಬಿಚ್ಚಿ ಹಿತ್ತಿಲಿಗೆ ಹೋದಳು. ತಿಪ್ಪೆಯ ಮೇಲೆ ಪುಡಿ ಕೊಡವಿ, ಬಟ್ಟೆಯನ್ನಷ್ಟೇ ಹಿಂದಕ್ಕೆ ತಂದಳು. ಮಲಕಮ್ಮ ಬಾಟಲಿಗೆ ಮೂರನೆಯ ಕಲ್ಲು ಹಾಕಿದಳು.

ಮರುದಿನ ದವಾಖಾನೆಯ ಬಾಗಿಲು ತೆಗೆಯುವ ಮೊದಲೇ ಮೂವರೂ ಕಟ್ಟೆಯ ಮೇಲಿದ್ದರು.

“ಈ ಸಲ ಏನು ಕದ್ದೀನಿ ನಾ?” ಎಂದ ಖಂಡಪ್ಪ.

“ಇನ್ನಾ ನೋಡಾಕತ್ತೀನಿ,” ಎಂದಳು ಆಯಿ.

ಒಳಗೆ ಮಲಕಮ್ಮ ಬಾಟಲಿಯನ್ನು ಎದೆಗೆ ಅವಚಿ ನಿಂತಳು. ಶೇಖಮ್ಮ ತಾನೇ ಬಾಯಿಬಿಟ್ಟು ಎಲ್ಲ ಹೇಳಿದಳು, ಸುಳ್ಳು ಕೂತದ್ದನ್ನೂ. ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ.

“ನಾಕು ತಿಂಗಳ ಹಿಂದ ದವಾ ಬ್ಯಾಡ ಅಂದಿದ್ದೂ ಖರೇ, ಈಗ ಬೇಕು ಅನ್ನೋದೂ ಖರೇ,” ಎಂದು ಚೀಟಿ ಎಳೆದುಕೊಂಡರು. “ಗುಳಿಗಿ ಕೊಡ್ತೀನಿ, ಐದೇ ದಿನ. ಹೊಟ್ಟಿ ತೊಳಸಿದ್ರ ಓಡಿ ಬಾ, ಮುಚ್ಚಿಡಬ್ಯಾಡ.”

“ಐದೇ ದಿನ ಸಾಕೇನ್ರಿ?” ಆಯಿಯ ದನಿಯಲ್ಲಿ ಇನ್ನೂ ಅನುಮಾನವಿತ್ತು. ಆದರೆ ಮೇಜಿನ ಕೆಳಗೆ ಅವಳ ಕೈ ಶೇಖಮ್ಮನ ಕೈಯನ್ನು ಬಿಗಿಯಾಗಿ ಹಿಡಿದಿತ್ತು. ಗುಡುಗಿದಾಗ ಮಲಕಮ್ಮ ಆಯಿಯ ಕೈ ಹಿಡಿಯುತ್ತಿದ್ದದ್ದೂ ಹಾಗೆಯೇ. ಆಯಿಗೂ ಹಾಗೆ ಹೆದರಿಕೆ ಆಗುತ್ತದೆ ಎಂದು ಅವಳಿಗೆ ಇಷ್ಟು ದಿನ ಗೊತ್ತಿರಲಿಲ್ಲ.

ಮಲಕಮ್ಮ ಬಿರಡೆ ತೆಗೆದು ಬಾಟಲಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಒಂದು ಕಾಳು, ಮೂರು ಕಲ್ಲು ಟಣ್ ಟಣ್ ಎಂದು ಹೊರಗೆ ಬಿದ್ದವು.

“ತಗೋರಿ,” ಎಂದಳು. “ಇದ್ದದ್ದು ಇದ್ದಂಗ ತಂದೀನಿ.”