ಯಾರಾದರೂ ಬಳಸುತ್ತಿದ್ದೀರಾ?

ವಾಡಿಯಲ್ಲಿ ಎಷ್ಟು ನೀರು ಚಿಮುಕಿಸಿದರೂ ಅಂಗಳದಲ್ಲಿ ಕಾರ್ಖಾನೆಯ ಸಿಮೆಂಟು ಧೂಳು ಕೂರುವುದಿಲ್ಲ. ರಂಜನಾ ಎರಡನೇ ಚೊಂಬು ಎತ್ತಿದ್ದಳಷ್ಟೇ, ಗೇಟು ಕಿರ್ರೆಂದಿತು.

ಧೀರೇಂದ್ರ!

ಎರಡು ವರ್ಷದಿಂದ ಹಬ್ಬಕ್ಕೊಮ್ಮೆ ಮಗಳನ್ನು ಗೇಟಿನಿಂದಲೇ ಕರೆದೊಯ್ದು ಗೇಟಿಗೇ ಬಿಡುತ್ತಿದ್ದ ಗಂಡ ಇವತ್ತು ಒಳಗೆ ಕಾಲಿಟ್ಟಿದ್ದ.

"ಕಂಪ್ಯೂಟರ್ ನೋಡಿ ಹೋಗ್ತೀನಿ."

ನನ್ನನ್ನಲ್ಲ... ಕಂಪ್ಯೂಟರನ್ನು!

"ನೋಡ್ರಿ. ಅದಕ್ಕೇನು ನನ್ನ ಅಪ್ಪಣಿ ಬೇಕೇನು?"

ಆರು ವರ್ಷದ ಪ್ರಮಿತಾ ಬಾಗಿಲ ಸಂದಿಯಲ್ಲಿ ನಿಂತು ಏನೋ ಕೇಳಲು ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

ಹತ್ತು ವರ್ಷದ ಹಿಂದೆ, ರಂಜನಾ ಕಲಿಸುತ್ತಿದ್ದ ಶಹಾಬಾದಿನ ಶಾಲೆಯಲ್ಲಿ, ಅವರಿಬ್ಬರ ಮೊದಲ ಭೇಟಿ ಇದೇ ಪೆಟ್ಟಿಗೆಯ ಮುಂದೆ. ಅದರ ಅಗ್ಗದ ಸೌಂಡ್ ಕಾರ್ಡು ಲಿನಕ್ಸ್ ಎಂಬ ತಂತ್ರಾಂಶದಲ್ಲಿ ಮೂಕವಾಗಿತ್ತು. ಅದಕ್ಕೆ ಮಾತು ಬರಿಸುವ ಸಣ್ಣ ಪ್ರೋಗ್ರಾಮು, ಡ್ರೈವರ್, ಬರೆದವನು ಧೀರೇಂದ್ರ.

"ಈಗ ಕೇಳಸ್ತದೇನ್ರಿ ಟೀಚರ್?"

"ಇಲ್ರಿ... ಇಲ್ಲ... ಅಯ್ಯ, ಕೇಳಸ್ತದ!"

ಲೋಕಕ್ಕೆಲ್ಲ ಪುಕ್ಕಟೆ ಹಂಚುವ ಆ ಲಿನಕ್ಸಿನ ತಿರುಳಾದ ಕರ್ನೆಲ್‌ನಲ್ಲಿ ಬರೆದವನ ಹೆಸರಿನ ಕೆಳಗೆ, ಪರೀಕ್ಷಿಸಿದವರೆಂದು, ರಂಜನಾಳ ಹೆಸರೂ ಸೇರಿತು. ಲಗ್ನಪತ್ರಿಕೆಗಿಂತ ಮೊದಲೇ ಜೋಡಿಯಾದ ಹೆಸರುಗಳು! ಶಾಲೆಗೆ ಹೊಸದು ಬಂದಾಗ ಹಳೆಯದು ಇವರ ಮನೆ ಸೇರಿತ್ತು.

"ಏನಾಗ್ಯದ ಇದಕ್ಕ?" ಅವನ ಹಿಂದೆಯೇ ಒಳಗೆ ಬಂದ ರಂಜನಾ ಕೇಳಿದಳು.

"ಕರ್ನೆಲ್ ನೋಡ್ಕೊಳ್ಳಾವರು ಹಳೇ ಡ್ರೈವರ್ ತಗೀಲಿಕತ್ತಾರ. ಯಾರರ ಬಳಸ್ತೀರೇನು ಅಂತ ಎಲ್ಲಾರಿಗೂ ಕೇಳ್ಯಾರ. ಯಾರೂ ಮಾತಾಡಲಿಲ್ಲಂದ್ರ ಯಾರೂ ಇಲ್ಲಂತ ತಿಳ್ಕೋತಾರ. ಅಲ್ಲಿ ಪದ್ಧತೀನ ಹಂಗ. ಬರದಾವ ನಾನು, ನಾನೂ ಏನರ ಹೇಳಬೇಕು."

"ತಗದ್ರ ಇದು ಬಂದ್ ಬೀಳ್ತದೇನು?"

"ಇದ್ದದ್ದು ನಡೀತದ. ಮುಂದ ಬರೂ ಹೊಸ ಕರ್ನೆಲ್ಲಿನಾಗ ಇರೂದಿಲ್ಲ."

ಎಷ್ಟು ಸಲೀಸಾಗಿ ಅಂದುಬಿಟ್ಟನಲ್ಲ...

ಅವನು ಸ್ವಿಚ್ ಒತ್ತಿದ. ಪರದೆಯ ಮೇಲೆ ನಿನ್ನೆ ಅರ್ಧಕ್ಕೆ ನಿಂತಿದ್ದ ಹಳೆಯ ಧ್ವನಿಮುದ್ರಣವನ್ನು ಒತ್ತಿದೊಡನೆ ಗೊಗ್ಗರು ದನಿಯೊಂದು ಹೊರಬಂತು.

"ಮುಂದ ಆ ಗುಬ್ಬಿ ಏನ್ಮಾಡ್ತು? ನಿದ್ದಿ ಬಂತೇನು ನನ್ನ ಕೂಸಿಗಿ?"

ಧೀರೇಂದ್ರ ಬೆಚ್ಚಿದ. ಅದು ಅವನದೇ ದನಿ!

"ಪ್ರಮಿತಾ ದಿನಾ ಕೇಳ್ತಾಳ," ಎಂದಳು ರಂಜನಾ. "ನಾನೂ..."

"ಮತ್ತ ಚಂದಾಪುರದಾಗ ನನಗ ನೌಕರಿ ಸಿಕ್ಕಾಗ, ನನ್ ಜೋಡಿ ಬರ್ತಿಯೇನು ಅಂದ್ರ ಯಾಕ ಸುಮ್ಮನಿದ್ದಿ?"

"ಅಮ್ಮ ಹಾಸಿಗಿ ಹಿಡದಿದ್ಲು. ಬರ್ತೀನಿ ಅನ್ಲಿಕ್ಕಾಗಲಿಲ್ಲ. ಒಲ್ಲೆ ಅನ್ಲಿಕ್ಕ ಬಾಯಿ ಬರಲಿಲ್ಲ. ಇನ್ನೊಮ್ಮೆ ಕೇಳ್ತೀರಂತ ಕಾದೆ."

"ನಾ ಅದನ್ನೇ ಉತ್ತರ ಅಂತ ತಿಳ್ಕೊಂಡೆ, ರಂಜೂ..."

ಅವನು ಚೀಲ ಹೆಗಲಿಗೇರಿಸಿದ.

"ಅವರಿಗೇನಂತ ಬರೀಲಿ?"

"ಬಳಸ್ಲಿಕತ್ತಾಳಂತ ಬರೀರಿ. ಒಬ್ಬಾಕಿ ಇದ್ದಾಳಂತ."

"ಬಳಸಾಕಿ ಒಬ್ಬಾಕಿ ಇದ್ರ ಸಾಲೂದಿಲ್ಲ. ನೋಡ್ಕೊಳ್ಳಾವನೂ ಇರಬೇಕು."

"ನೀವಿಲ್ಲೇನು?"

ಅವನು ಚೀಲದ ಪಟ್ಟಿ ಸರಿಮಾಡಿಕೊಂಡ. ಮತ್ತದೇ ಮೌನ... ಇದನ್ನೂ ಉತ್ತರವೆಂದೇ ತಿಳಿಯಬೇಕೇ? ರಂಜನಾ ಸೆರಗಿನಲ್ಲಿ ಕಣ್ಣೊತ್ತಿಕೊಂಡಳು.

ಆಗ ಬಾಗಿಲ ಸಂದಿಯಿಂದ ಹೊರಬಂದ ಪ್ರಮಿತಾ ಅಪ್ಪನ ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಅಪ್ಪಾ... ನಾವೂ ಏನೂ ಮಾತಾಡಲಿಲ್ಲಲ್ಲ. ಹಂಗಂತ ನಮ್ಮನ್ನೂ ತಗದ್ಬಿಟ್ಟಿಯೇನು?"