ಸಿಟ್ಟು ಇಳಿಯುವ ತನಕ

ಬೆಳಗಿನ ಸ್ಕ್ಯಾನ್ ಪಟ್ಟಿಯಲ್ಲಿ ಎರಡನೆಯ ಹೆಸರು ಅವನದು. ನಮ್ಮ ಮದುವೆಗೆ ಇಪ್ಪತ್ತು ದಿನ ಇರುವಾಗ ನನಗೆ ಫೋನ್ ಮಾಡಿ, ನಿನ್ನ ಮೇಲೆ ಮನಸ್ಸಿಲ್ಲ ಎಂದು ಹೇಳಿ ಕೈತೊಳೆದುಕೊಂಡವನು. ಅಕ್ಕ ಒಬ್ಬೊಬ್ಬರಿಗೂ ಫೋನ್ ಮಾಡಿ ಮದುವೆ ನಿಂತಿತೆಂದು ಹೇಳುತ್ತಿದ್ದುದನ್ನು ಪಕ್ಕದ ಕೋಣೆಯಲ್ಲಿ ಕೂತು ಕೇಳಿದ್ದೆ. ನಾಲ್ಕು ವರ್ಷದಲ್ಲಿ ಅವನಿಗೆ ಶಾಪ ಹಾಕದ ದಿನವಿಲ್ಲ.

ಈಗ ತಾನಾಗಿಯೇ ನನ್ನ ಎಂಆರ್‌ಐ ಮೆಷಿನ್ನಿನ ಬಾಯಿಗೆ ಬಂದು ಬಿದ್ದಿದ್ದ. ವಂಶದಲ್ಲಿ ಇಳಿದು ಬರುವ ಅಪರೂಪದ ಮೆದುಳಿನ ಕಾಯಿಲೆಯೊಂದರ ಸಂಶೋಧನೆಗೆ ವರ್ಷಕ್ಕೊಂದು ಸ್ಕ್ಯಾನ್. ಬೇರೆ ಆಸ್ಪತ್ರೆಯವರು ಈ ಸಲ ನಮ್ಮಲ್ಲಿಗೆ ಕಳಿಸಿದ್ದರು. ಹೋಲಿಸಿ ನೋಡಲು ಆರೋಗ್ಯವಂತರನ್ನೂ ಕರೆಯುತ್ತಾರೆ. ಇವನೂ ಹಾಗೇ ಪುಣ್ಯ ಕಟ್ಟಿಕೊಳ್ಳಲು ಬಂದಿದ್ದಾನೆಂದು ಮೈಯುರಿಯಿತು.

ಬಾಗಿಲಲ್ಲಿ ನನ್ನನ್ನು ಕಂಡು ನಿಂತುಬಿಟ್ಟ. ಆ ಕಣ್ಣು ಒಂದಿಷ್ಟೂ ಬದಲಾಗಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ನೀವು, ತಾವು ಎಂದೇ ಮಾತಾಡಿಸಿದೆ. ವಾಚು ಬಿಚ್ಚಿಸಿದೆ, ಬೆಲ್ಟ್ ಬಿಚ್ಚಿಸಿದೆ, ಕಿವಿಗೆ ಸ್ಪಂಜು ತುರುಕಿ ತಲೆಯ ಮೇಲೆ ಚಿತ್ರ ಹಿಡಿಯುವ ಪಂಜರ ಕೂರಿಸಿದೆ. ಅದರಲ್ಲೊಂದು ಪುಟ್ಟ ಕನ್ನಡಿ ಇರುತ್ತದೆ. ಒಳಗೆ ಮಲಗಿದವರಿಗೆ ಗಾಜಿನಾಚೆ ಕೂತ ನಾವು ಕಂಡು ಧೈರ್ಯ ಬರಲೆಂದು. ಅದನ್ನು ಸರಿಯಾಗಿ ನನ್ನ ಮುಖಕ್ಕೇ ತಿರುಗಿಸಿದೆ. ನೋಡಲಿ, ನೋಡಿ ನರಳಲಿ.

ಮೊದಲ ಆರು ನಿಮಿಷ ಕಲ್ಲಿನ ಹಾಗೆ ಮಲಗಿದ್ದ. ಮೈಕ್ ಒತ್ತಿ, ಅಲುಗಾಡಿಬಿಟ್ರಿ, ಮತ್ತೆ ಮಾಡಬೇಕು ಎಂದು ಹಸಿ ಸುಳ್ಳು ಹೇಳಿದೆ. ಎರಡನೆಯ ಸಲವೂ ಅದನ್ನೇ ಹೇಳಿದೆ. ಕನ್ನಡಿಯಲ್ಲಿ ಅವನ ಕಣ್ಣು ಸಣ್ಣಗೆ ನಕ್ಕಿತು. ಸುಳ್ಳೆಂದು ಗೊತ್ತಾಗಿತ್ತು ಕಳ್ಳನಿಗೆ.

ಮೂರನೆಯದು ಓಡುತ್ತಿರುವಾಗ ಅವನ ಫಾರಂ ತೆರೆದೆ. ಕಾಯಿಲೆ ಇದ್ದವರು: ತಂದೆ. ಸಂಶೋಧನೆಗೆ ಸೇರಿದ್ದು ಆ ಫೋನ್ ಬಂದ ವಾರವೇ. ರಕ್ತಪರೀಕ್ಷೆಯ ಫಲಿತಾಂಶ: ತಿಳಿಯಲು ಇಷ್ಟವಿಲ್ಲ. ಮಾವನಾಗಬೇಕಿದ್ದವರು ಮಾತುಮಾತಿಗೆ ಲೋಟ ಕೈಜಾರಿಸುತ್ತಿದ್ದುದು ವಯಸ್ಸಿನಿಂದಲ್ಲ. ತಂದೆಗಿದ್ದರೆ ಮಗನಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ನಾನು ಕರಗಬೇಕಿತ್ತು. ಸಿಟ್ಟು ನೆತ್ತಿಗೇರಿತು. ಮೆಷಿನ್ನಿನ ಸದ್ದು ನಿಂತ ಕೂಡಲೇ ಮೈಕ್ ಒತ್ತಿದೆ.

"ನಂಗೆ ಹೇಳ್ಬೇಕಿತ್ತು ಕಣೋ. ಬೇಡ ಅನ್ನೋದಾದ್ರೆ ನಾನು ಅನ್ಬೇಕಿತ್ತು, ನೀನಲ್ಲ."

"ನೀನು ಬೇಡ ಅಂತಿರ್ಲಿಲ್ಲ. ಅದಕ್ಕೇ ಹೆದರಿದೆ."

ಪರದೆಯತ್ತ ತಿರುಗಿದೆ. ಇಷ್ಟು ಹೊತ್ತು ಅವನ ಕಣ್ಣು ನೋಡುವುದರಲ್ಲಿ ನನ್ನ ಕೆಲಸವೇ ಮರೆತಿತ್ತು. ಆ ಆಸ್ಪತ್ರೆಯವರು ಕಳಿಸಿದ್ದ ಹೋದ ವರ್ಷದ ಚಿತ್ರದ ಪಕ್ಕ ಇವತ್ತಿನದನ್ನು ಇಟ್ಟೆ. ಮೆದುಳಿನ ನಡುವೆ, ಈ ಕಾಯಿಲೆ ಮೊದಲು ಕೈಹಾಕುವ ಜಾಗ, ಒಂದೇ ವರ್ಷದಲ್ಲಿ ಸವೆದಿತ್ತು. ಸಾವಿರಾರು ಮೆದುಳು ನೋಡಿದ ನನ್ನ ಕಣ್ಣಿಗೆ ಅಳೆದು ನೋಡುವ ಅಗತ್ಯವಿರಲಿಲ್ಲ.

ತಿಳಿಯಲು ಇಷ್ಟವಿಲ್ಲ ಎಂದು ಬರೆದವರಿಗೆ ನಾವು ಹೇಳುವಂತಿಲ್ಲ, ಮುಖದಲ್ಲೂ ತೋರಿಸುವಂತಿಲ್ಲ. ಅವನೋ ಕನ್ನಡಿಯಲ್ಲಿ ನನ್ನ ಮುಖವನ್ನೇ ಓದುತ್ತಿದ್ದ. ಈಗ ನಾನು ಮೆತ್ತಗಾದರೆ ಅವನಿಗೆ ಎಲ್ಲ ತಿಳಿದುಹೋಗುತ್ತದೆ. ಹುಬ್ಬು ಗಂಟಿಕ್ಕಿಕೊಂಡೇ ಕೂತೆ.

ಹೊರಗೆ ಬಂದು ಷೂ ಕಟ್ಟಿಕೊಳ್ಳುತ್ತ, ಕ್ಷಮಿಸು ಎಂದು ಕೇಳುವ ಮುಖ ತನಗಿಲ್ಲ ಎಂದ.

"ಕೇಳಿದ್ರೂ ಕ್ಷಮಿಸಲ್ಲ. ನಾಲ್ಕು ವರ್ಷದ ಸೇಡು ಒಂದೇ ದಿನಕ್ಕೆ ತೀರುತ್ತಾ? ನನ್ನ ಕಣ್ಣೆದುರಿಗೇ ಇರ್ಬೇಕು ನೀನು. ದಿನಾ ಬೈತೀನಿ."

"ಎಷ್ಟು ದಿನ?"

"ನನ್ನ ಸಿಟ್ಟು ಇಳಿಯೋ ತನಕ."

ಬಿಗಿದುಕೊಂಡಿದ್ದ ಅವನ ಭುಜ ಸಡಿಲವಾಯಿತು. ನನ್ನನ್ನು ಕಣ್ತುಂಬ ನೋಡಿ ನಕ್ಕ.

"ಇಷ್ಟು ಬೈತಿದ್ದೀಯ ಅಂದ್ರೆ ಒಳಗೇನೂ ಕಾಣಿಸಿಲ್ಲ ಬಿಡು. ಕೆಟ್ಟದ್ದಿದ್ದಿದ್ರೆ ನೀನು ಪಾಪ ಅಂತಿದ್ದೆ."

ತೆಪ್ಪಗೆ ನಡಿ ಎಂದು ಗದರಿ ಅವನ ಕೈ ಹಿಡಿದೆ. ನಮಗಿನ್ನು ಎಷ್ಟು ವರ್ಷ ಉಳಿದಿದೆಯೋ, ಅಷ್ಟೂ ವರ್ಷ ಅವನನ್ನು ಬೈದುಕೊಂಡೇ ಪ್ರೀತಿಸಬೇಕು.